ವೈದ್ಯವಿದ್ಯೆಗೆ ಕಾಲದ ಸಾಕ್ಷ್ಯ

ಲಕ್ಷ್ಮೇಶ್ವರವು ಮೀರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಅಧೀನವಾಗಿದ್ದು, ಗದಗ-ಬೆಟಗೇರಿ ಹಾಗೂ ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿ ಅಡಕವಾಗಿದ್ದ ಕಾಲದಲ್ಲಿ, ಆಳುವವರು ಬೇರೆ ಬೇರೆಯಾಗಿದ್ದ ಈ ಊರುಗಳ ಜನರೆಲ್ಲರೂ ಒಂದು ವಿಷಯದಲ್ಲಿ ಸಮಾನಸ್ಥಿತಿಯವರಾಗಿದ್ದರು: ಪ್ರಾಣಾಪಾಯದ ವ್ಯಾಧಿಯೊದಗಿದಾಗ ಯಾವ ವೈದ್ಯನನ್ನು ನಂಬಬೇಕೆಂಬ ಪ್ರಶ್ನೆಗೆ ಅವರಲ್ಲಿ ಯಾರಿಗೂ ಸುಲಭವಾದ ಉತ್ತರವಿರಲಿಲ್ಲ. ಕೈಯಲ್ಲಿ ನಾಲ್ಕು ಕಾಸಿದ್ದವರು ರೈಲುಗಾಡಿಯನ್ನೇರಿ, 1894ರಲ್ಲಿ ವಾನ್ಲೆಸ್ ಎಂಬ ವೈದ್ಯರು ಮೀರಜಿನಲ್ಲಿ ಸ್ಥಾಪಿಸಿದ ಮಿಶನ್ ಆಸ್ಪತ್ರೆಗೆ ಹೋಗುತ್ತಿದ್ದರು. ಅಷ್ಟು ದೂರ ಹೋಗಲಾರದವರಿಗೆ ಮುಂದೆ ಬೆಟಗೇರಿಯಲ್ಲಿಯೇ ಬಾಸೆಲ್ ಮಿಶನ್ನಿನವರ ಆಸ್ಪತ್ರೆಯು ದೊರೆಯಿತು, ಅದನ್ನು ಜನರು ಇಂದಿಗೂ ಜರ್ಮನ್ ಆಸ್ಪತ್ರೆಯೆಂದೇ ಕರೆಯುತ್ತಾರೆ. ಎರಡಕ್ಕೂ ಗತಿಯಿಲ್ಲದವರು ಕಪ್ಪತಗುಡ್ಡದ ಬೇರುನಾರುಗಳನ್ನು ಬಲ್ಲ ನಾಟಿ ವೈದ್ಯನ ಮನೆಯ ಕಟ್ಟೆಯ ಮೇಲೆ ಕುಳಿತು ತಮ್ಮ ಸರದಿಯನ್ನು ಕಾಯುತ್ತಿದ್ದರು.

ನಾಟಿ ವೈದ್ಯನ ಯೋಗ್ಯತೆಗೆ ಊರಿನ ನೆನಪೇ ಪ್ರಮಾಣವಾಗಿತ್ತು. ಅವನ ಅಜ್ಜನು ಯಾರ ಜ್ವರವನ್ನು ಇಳಿಸಿದನು, ಅವನ ತಂದೆಯ ಕೈಯಲ್ಲಿ ಯಾರು ಬದುಕಿದರು, ಯಾರು ಉಳಿಯಲಿಲ್ಲ ಎಂಬ ಲೆಕ್ಕವನ್ನು ಮೂರು ತಲೆಮಾರಿನ ಹಿರಿಯರು ಬಾಯಿಯಲ್ಲಿಯೇ ಇಟ್ಟುಕೊಂಡಿರುತ್ತಿದ್ದರು. ಆದರೆ ಪರಸ್ಥಳದಿಂದ ಬಂದು, ಅಪರಿಚಿತವಾದ ಔಷಧಗಳನ್ನೂ ಶಸ್ತ್ರಗಳನ್ನೂ ಪ್ರಯೋಗಿಸುವ ವೈದ್ಯನ ವಿಷಯದಲ್ಲಿ ಇಂಥ ಸ್ಮೃತಿಯು ಸಾಧ್ಯವಿರಲಿಲ್ಲವಾದುದರಿಂದ, ರೋಗಿಯ ಪರವಾಗಿ ಬಲ್ಲವರ ಮಂಡಳಿಯೊಂದು ಮುಂಚಿತವಾಗಿಯೇ ಆ ವೈದ್ಯನನ್ನು ಪರೀಕ್ಷಿಸಿ, ಇವನು ನಂಬಲರ್ಹನೆಂದು ಬರೆದುಕೊಡುವ ಪದ್ಧತಿಯು ಅವಶ್ಯಕವಾಯಿತು. ಮುಂಬಯಿ ಇಲಾಖೆಯಲ್ಲಿ 1912ರ ವೈದ್ಯಕೀಯ ಕಾಯಿದೆಯು ವೈದ್ಯರ ನೋಂದಣಿಯನ್ನು ಆರಂಭಿಸಿತು. ಅದೇ ವರ್ಷ ಮುಂಬಯಿಯ ಕಾಲೇಜ್ ಆಫ್ ಫಿಜೀಶಿಯನ್ಸ್ ಆ್ಯಂಡ್ ಸರ್ಜನ್ಸ್ ಸಂಸ್ಥೆಯು ಹುಟ್ಟಿ, ಅದು ಕೊಡುತ್ತಿದ್ದ ಎಲ್.ಸಿ.ಪಿ.ಎಸ್. ಎಂಬ ನಾಲ್ಕಕ್ಷರಗಳು ನಮ್ಮ ಸೀಮೆಯ ಎಷ್ಟೋ ಹಳೆಯ ದವಾಖಾನೆಗಳ ಹಲಗೆಯ ಮೇಲೆ ರಾರಾಜಿಸಿದವು. 1933ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತಿನ ಕಾಯಿದೆಯು ಬಂದಿತು. ಆ ಪರಿಷತ್ತಿನ ಸ್ಥಾನದಲ್ಲಿ ಇಂದು, 2019ರ ಕಾಯಿದೆಯಂತೆ ರಚಿತವಾಗಿ 2020ರ ಸೆಪ್ಟೆಂಬರಿನಿಂದ ಅಧಿಕಾರಕ್ಕೆ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗವಿದೆ.

ವಿದ್ಯೆಯೂ ಕ್ರಮೇಣ ನಮ್ಮ ಸಮೀಪಕ್ಕೆ ಬಂದಿತು. ಕರ್ನಾಟಕದ ಏಕೀಕರಣದ ಮರುವರ್ಷ, 1957ರಲ್ಲಿ, ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. 1996ರಲ್ಲಿ ರಾಜ್ಯದ ಆರೋಗ್ಯವಿಜ್ಞಾನಗಳ ಪರೀಕ್ಷೆಗಳಿಗೆಲ್ಲ ಒಂದೇ ಮಾನವನ್ನು ಗೊತ್ತುಪಡಿಸುವುದಕ್ಕಾಗಿ ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. 1997ರಲ್ಲಿ ಗದಗು ಪ್ರತ್ಯೇಕ ಜಿಲ್ಲೆಯಾಯಿತು. 2015ರಲ್ಲಿ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು, ಜನರ ಬಾಯಲ್ಲಿ ಜಿಮ್ಸ್ ಎನಿಸಿಕೊಂಡಿರುವ ಕಾಲೇಜು, ತನ್ನ ಮೊದಲ ವಿದ್ಯಾರ್ಥಿಗಳನ್ನು ಬರಮಾಡಿಕೊಂಡಿತು. ಮೀರಜಿನ ದಾರಿ ಹಿಡಿಯುತ್ತಿದ್ದವರ ಮೊಮ್ಮಕ್ಕಳು ಇಂದು ತಮ್ಮ ಜಿಲ್ಲೆಯಲ್ಲಿಯೇ ವೈದ್ಯರಾಗಬಲ್ಲರು. ಹೀಗಿರುವಾಗ, ವೈದ್ಯನಾಗುವ ಮಾರ್ಗದಲ್ಲಿ ವಿಧಿಸಲ್ಪಟ್ಟಿರುವ ಕರ್ತವ್ಯಗಳನ್ನು ಸಕಾಲದಲ್ಲಿ ಪೂರೈಸುವುದಕ್ಕೂ ಪರೀಕ್ಷೆಯಲ್ಲಿ ತೋರುವ ಸಾಮರ್ಥ್ಯಕ್ಕೂ ಏನು ಸಂಬಂಧವೆಂಬುದು ವಿದ್ವಾಂಸರ ಚರ್ಚೆಗೆ ಮಾತ್ರ ಬಿಡತಕ್ಕ ಸಂಗತಿಯಲ್ಲ. ಮಗಳನ್ನೋ ಮಗನನ್ನೋ ವೈದ್ಯಕೀಯಕ್ಕೆ ಕಳುಹಿಸಿದ ಪ್ರತಿಯೊಂದು ಮನೆತನಕ್ಕೂ, ಆ ವೈದ್ಯರ ಕೈಗೆ ತನ್ನ ನಾಡಿಯನ್ನೊಪ್ಪಿಸುವ ಪ್ರತಿಯೊಬ್ಬ ರೋಗಿಗೂ ಅದು ಸಂಬಂಧಿಸಿದೆ.

ಎಂ.ಬಿ.ಬಿ.ಎಸ್. ಎಂಬುದು ನಾಲ್ಕೂವರೆ ವರ್ಷಗಳ ಅಧ್ಯಯನ ಮತ್ತು ಒಂದು ವರ್ಷದ ಇಂಟರ್ನ್‌ಶಿಪ್ ಕೂಡಿದ ವ್ಯಾಸಂಗ. ಹೊರಗಿನಿಂದ ನೋಡುವವರಿಗೆ ಕೊನೆಯಲ್ಲಿರುವ ದೊಡ್ಡ ಪರೀಕ್ಷೆಯೊಂದೇ ಕಾಣುತ್ತದೆ. ಒಳಗಿರುವ ವಿದ್ಯಾರ್ಥಿಗಾದರೋ ದಾರಿಯುದ್ದಕ್ಕೂ ಗಡುವುಗಳುಂಟು. ಉಪನ್ಯಾಸಗಳಲ್ಲಿ ಶೇಕಡಾ 75, ಪ್ರಾಯೋಗಿಕ ಹಾಗೂ ವಾರ್ಡಿನ ತರಬೇತಿಯಲ್ಲಿ ಶೇಕಡಾ 80 ಹಾಜರಿಯಿರಬೇಕು. ಮಾಡಿ ತೋರಿಸಿದ ಪ್ರತಿಯೊಂದು ಕೌಶಲವೂ ಲಾಗ್‌ಬುಕ್ಕಿನಲ್ಲಿ ದಾಖಲಾಗಿ, ಅದರ ಕೆಳಗೆ ಅಧ್ಯಾಪಕರ ಸಹಿ ಬೀಳಬೇಕು. ಆಂತರಿಕ ಪರೀಕ್ಷೆಗಳಲ್ಲಿ ನಿಯತವಾದ ಅಂಕಗಳು ಬಾರದಿದ್ದರೆ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರುವ ಅರ್ಹತೆಯೇ ಇಲ್ಲ. ಆಯೋಗದ 2023ರ ನಿಯಮಾವಳಿಯಂತೆ ಮೊದಲನೆಯ ವರ್ಷದ ಪರೀಕ್ಷೆಯನ್ನು ನಾಲ್ಕು ಪ್ರಯತ್ನಗಳೊಳಗೆ ದಾಟಲೇಬೇಕು. ಪ್ರವೇಶ ಪಡೆದ ದಿನದಿಂದ ಒಂಬತ್ತು ವರ್ಷಗಳ ಮೇಲೆ ಯಾರೂ ಈ ವ್ಯಾಸಂಗದಲ್ಲಿ ಮುಂದುವರಿಯುವಂತಿಲ್ಲ. ಇದಲ್ಲದೆ ಗ್ರಾಮಗಳಲ್ಲಿ ಕೆಲವು ಕುಟುಂಬಗಳನ್ನು ದತ್ತು ಪಡೆದಂತೆ ಸ್ವೀಕರಿಸಿ, ವರ್ಷವರ್ಷವೂ ಹೋಗಿ ಅವರ ಆರೋಗ್ಯವನ್ನು ವಿಚಾರಿಸುವ ಕಾರ್ಯಕ್ರಮವನ್ನೂ ಆಯೋಗವು ವಿಧಿಸಿದೆ.

ಈ ಗಡುವುಗಳಲ್ಲಿ ಒಂದು ತಪ್ಪಿದರೆ ಅದರ ಫಲವು ಅಲ್ಲಿಗೇ ಮುಗಿಯುವುದಿಲ್ಲವೆಂಬುದನ್ನು ಅನೇಕ ತಂದೆತಾಯಿಗಳು ತಡವಾಗಿ ತಿಳಿಯುತ್ತಾರೆ. ಅಂತಿಮ ವರ್ಷದಲ್ಲಿ ಒಂದು ವಿಷಯ ಉಳಿದುಹೋದ ವಿದ್ಯಾರ್ಥಿಯು ಸಪ್ಲಿಮೆಂಟರಿ ಪರೀಕ್ಷೆಯನ್ನು ಬರೆದು ತೇರ್ಗಡೆಯಾದನೆಂದುಕೊಳ್ಳೋಣ. ಅವನ ಇಂಟರ್ನ್‌ಶಿಪ್ ಸಹಪಾಠಿಗಳಿಗಿಂತ ಕೆಲವು ತಿಂಗಳು ಹಿಂದೆ ಬೀಳುತ್ತದೆ. ಸ್ನಾತಕೋತ್ತರ ಪ್ರವೇಶದ ನೀಟ್-ಪಿಜಿ ಪರೀಕ್ಷೆಗೆ ಇಂಟರ್ನ್‌ಶಿಪ್ ಇಂಥ ದಿನಾಂಕದೊಳಗೆ ಮುಗಿದಿರಬೇಕೆಂಬ ನಿಬಂಧನೆಯಿರುವುದರಿಂದ, ಆ ದಿನಾಂಕವು ಕೈತಪ್ಪಿದರೆ ಕೆಲವೇ ವಾರಗಳ ಅಂತರಕ್ಕಾಗಿ ಒಂದು ಪೂರ್ಣ ವರ್ಷವು ನಷ್ಟವಾಗುತ್ತದೆ. ಆ ವರ್ಷದಲ್ಲಿ ಓದಿದ್ದು ಮಾಸುತ್ತದೆ, ಮನೆಯ ಸಾಲ ಬೆಳೆಯುತ್ತದೆ, ಮನಸ್ಸು ಕುಗ್ಗುತ್ತದೆ. ಮರುವರ್ಷ 200 ಪ್ರಶ್ನೆಗಳ ಆ ಪರೀಕ್ಷೆಯ ಮುಂದೆ ಕುಳಿತುಕೊಳ್ಳುವವನು ಮೊದಲಿನ ಚೈತನ್ಯದವನಾಗಿರುವುದು ಕಷ್ಟ. ಇದಕ್ಕೆ ಹೆದರಿ ಎಷ್ಟೋ ಮಂದಿ ಇಂಟರ್ನ್‌ಗಳು ವಾರ್ಡನ್ನು ಬಿಟ್ಟು ಕೋಚಿಂಗ್ ಪಾಠಗಳಿಗೆ ತಮ್ಮ ಕಾಲವನ್ನೆಲ್ಲ ಧಾರೆಯೆರೆಯುತ್ತಿರುವುದು ಇನ್ನೊಂದು ಅನರ್ಥ. ರೋಗಿಯ ಹಾಸಿಗೆಯ ಪಕ್ಕದಲ್ಲಿ ಕಲಿಯಲೆಂದೇ ಮೀಸಲಿಟ್ಟ ವರ್ಷವು ಮುಂದಿನ ಪರೀಕ್ಷೆಯ ಸಿದ್ಧತೆಗೆ ಆಹುತಿಯಾಗುತ್ತಿದೆ.

ಎಂ.ಡಿ., ಎಂ.ಎಸ್. ಪದವಿಗಳಿಗೆ ಹೋದವರ ಮೂರು ವರ್ಷಗಳೂ ಹೀಗೆಯೇ ಗಡುವುಗಳಿಂದ ನಿಯಂತ್ರಿತವಾಗಿವೆ. ಸೇರಿದ ಕೆಲವು ತಿಂಗಳುಗಳಲ್ಲಿಯೇ ಸಂಶೋಧನೆಯ ಸಿನಾಪ್ಸಿಸ್ ವಿಶ್ವವಿದ್ಯಾಲಯಕ್ಕೆ ಮುಟ್ಟಬೇಕು. ಥೀಸಿಸ್ ಲಿಖಿತ ಪರೀಕ್ಷೆಗೆ ಕನಿಷ್ಠ ಆರು ತಿಂಗಳು ಮೊದಲೇ ಸಲ್ಲಬೇಕು. ಸಂಶೋಧನಾ ವಿಧಾನ ಮತ್ತು ವೈದ್ಯಕೀಯ ನೀತಿಯ ಪಾಠಗಳು ಮೊದಲನೆಯ ವರ್ಷದಲ್ಲಿಯೇ ಮುಗಿಯಬೇಕು. ಮೂರು ತಿಂಗಳ ಕಾಲ ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ಸೇವೆ ಸಲ್ಲಿಸಬೇಕು. 1975ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪರೀಕ್ಷಾ ಮಂಡಳಿಯು ಕೊಡುವ ಡಿ.ಎನ್.ಬಿ. ಅರ್ಹತೆಗೂ ಥೀಸಿಸ್ಸೂ ಗಡುವೂ ತಪ್ಪಿದ್ದಲ್ಲ. ಈ ನಿಬಂಧನೆಗಳನ್ನು ಕಾಗದಪತ್ರಗಳ ಉಪದ್ರವವೆಂದು ಬಗೆದು ಕಡೆಯ ವಾರಕ್ಕೆ ತಳ್ಳುವವರುಂಟು. ಎರಡು ವರ್ಷ ರೋಗಿಗಳನ್ನು ನೋಡುತ್ತ, ಮಾಹಿತಿಯನ್ನು ಸಂಗ್ರಹಿಸುತ್ತ, ಹಿಂದಿನ ಪ್ರಬಂಧಗಳನ್ನು ಓದುತ್ತ ಬರೆದ ಥೀಸಿಸ್ಸು ಬರೆದವನ ಬುದ್ಧಿಯನ್ನು ತಿದ್ದುತ್ತದೆ. ಎರಡು ವಾರಗಳಲ್ಲಿ ಅಲ್ಲಿಂದಿಲ್ಲಿಂದ ಜೋಡಿಸಿದುದು ಗ್ರಂಥಾಲಯದ ಕಪಾಟನ್ನು ಮಾತ್ರ ತುಂಬುತ್ತದೆ. ಆರು ತಿಂಗಳ ಅಂತರವನ್ನು ನಿಯಮವು ವಿಧಿಸಿರುವುದು ಥೀಸಿಸ್ಸನ್ನು ಪರಿಶೀಲಿಸುವವರಿಗೆ ಅವಕಾಶವಿರಲೆಂದೂ, ವಿದ್ಯಾರ್ಥಿಗೆ ಪರೀಕ್ಷೆಯ ಅಧ್ಯಯನಕ್ಕೆ ನಿರಾತಂಕವಾದ ಕಾಲ ದೊರೆಯಲೆಂದೂ. ಥೀಸಿಸ್ಸನ್ನು ತಡಮಾಡಿದವನು ತನ್ನ ಪರೀಕ್ಷೆಯ ಕಾಲವನ್ನೇ ಸಾಲವಾಗಿ ತೆಗೆದುಕೊಂಡಂತಾಯಿತು.

ಅಭ್ಯಾಸವನ್ನು ಕಾಲಕಾಲಕ್ಕೆ ಹಂಚಿಕೊಳ್ಳುವುದರ ತತ್ತ್ವವನ್ನು ಮನಶ್ಶಾಸ್ತ್ರವು ಬಹುಕಾಲದ ಹಿಂದೆಯೇ ಕಂಡುಕೊಂಡಿದೆ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಪಂಡಿತನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಪಾಠ ಮಾಡಿ, ಎಷ್ಟು ಕಾಲಕ್ಕೆ ಎಷ್ಟು ಮರೆತುಹೋಗುತ್ತದೆಂದು ಅಳೆದು, 1885ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕಲಿತುದರ ಬಹುಭಾಗವು ಆರಂಭದಲ್ಲಿಯೇ ಶೀಘ್ರವಾಗಿ ಅಳಿದುಹೋಗುವುದೆಂದೂ, ಒಂದೇ ಪಟ್ಟಿನಲ್ಲಿ ಮಾಡಿದ ಅಭ್ಯಾಸಕ್ಕಿಂತ ಹಲವು ದಿನಗಳಿಗೆ ಹಂಚಿ ಮಾಡಿದ ಅಭ್ಯಾಸವೇ ದೃಢತರವೆಂದೂ ತೋರಿಸಿದನು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು, ಓದಿದುದನ್ನೇ ಮತ್ತೆ ಮತ್ತೆ ಓದುವವರಿಗಿಂತ ಓದಿದುದನ್ನು ಪರೀಕ್ಷೆಯ ಮೂಲಕ ನೆನಪಿಗೆ ತಂದುಕೊಳ್ಳುವವರಲ್ಲಿ ಒಂದು ವಾರದ ಅನಂತರವೂ ವಿಷಯವು ಹೆಚ್ಚು ಉಳಿದಿರುವುದನ್ನು ಪ್ರಯೋಗದಿಂದ ಸಿದ್ಧಪಡಿಸಿದರು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸವೆಂದು ನಮ್ಮ ಹಿರಿಯರು ನಿಂದಿಸಿದುದು ಕಡೆಗಳಿಗೆಯಲ್ಲಿ ಒಂದೇ ಪಟ್ಟಿನಲ್ಲಿ ಓದುವ ದೋಷವನ್ನೇ. ಮುಂಡರಗಿಯ ಎರೆಭೂಮಿಯಲ್ಲಿ ಹಿಂಗಾರಿ ಜೋಳವನ್ನು ಬಿತ್ತುವ ರೈತನು ಹದವು ಮೀರಿದ ಮೇಲೆ ದುಪ್ಪಟ್ಟು ಬೀಜವನ್ನು ಚೆಲ್ಲಿದರೂ ಕಳೆದ ಹದವನ್ನು ಮರಳಿ ಪಡೆಯಲಾರನಷ್ಟೆ. ವಿದ್ಯೆಗೂ ಅಂಥದೊಂದು ಹದವುಂಟು. ಆಯಾ ತಿಂಗಳ ಲಾಗ್‌ಬುಕ್ಕನ್ನು ಆಯಾ ತಿಂಗಳಲ್ಲಿಯೇ ತುಂಬಿದವನು ನಿಯಮವನ್ನು ಪಾಲಿಸಿದುದಷ್ಟೇ ಅಲ್ಲದೆ, ತನಗೆ ಅರಿವಿಲ್ಲದಂತೆಯೇ ಅಂತರವಿಟ್ಟು ಪುನರಾವರ್ತಿಸುವ ಉತ್ತಮ ಕ್ರಮವನ್ನೂ ಅನುಸರಿಸಿರುತ್ತಾನೆ.

ಈ ವಿಚಾರವನ್ನು ವೈದ್ಯರ ಜೀವಿತಾವಧಿಗೇ ವಿಸ್ತರಿಸಿದ ದೇಶವೆಂದರೆ ಅಮೆರಿಕ. ಅಲ್ಲಿ ಪದವಿಯೂ ಸರಕಾರದ ಪರವಾನಿಗೆಯೂ ಬೇರೆ, ಒಂದೊಂದು ಶಾಖೆಯ ತಜ್ಞರ ಮಂಡಳಿಯು ಕೊಡುವ ಪ್ರಮಾಣಪತ್ರವು ಬೇರೆ. ನೇತ್ರವೈದ್ಯರು 1916ರಲ್ಲಿ ಇಂಥ ಮೊದಲ ಮಂಡಳಿಯನ್ನು ಕಟ್ಟಿದರು. ಆ ಪ್ರಮಾಣಪತ್ರವು ಮೊದಮೊದಲು ಜೀವನಪರ್ಯಂತ ಸಲ್ಲುತ್ತಿತ್ತು. 1969ರಲ್ಲಿ ಹುಟ್ಟಿದ ಕುಟುಂಬವೈದ್ಯರ ಮಂಡಳಿಯು ಮಾತ್ರ ತನ್ನ ಪ್ರಮಾಣಪತ್ರವನ್ನು ಪಡೆದವರು ನಿಯತಕಾಲಕ್ಕೊಮ್ಮೆ ಮತ್ತೆ ಪರೀಕ್ಷೆಗೆ ಒಳಗಾಗಬೇಕೆಂದು ಆರಂಭದಿಂದಲೇ ವಿಧಿಸಿತು. ಅರಿವಳಿಕೆ ತಜ್ಞರ ಮಂಡಳಿಯು 2000ದಿಂದ ಹತ್ತು ವರ್ಷಗಳ ಅವಧಿಯ ಪ್ರಮಾಣಪತ್ರಗಳನ್ನು ಕೊಡತೊಡಗಿತು. ಆ ಅವಧಿಯೊಳಗೆ ವೈದ್ಯನು ಮುಂದುವರಿದ ಶಿಕ್ಷಣವನ್ನೂ ಆತ್ಮಪರಿಶೀಲನೆಯನ್ನೂ ಪರೀಕ್ಷೆಯನ್ನೂ ಪೂರೈಸಬೇಕಾಗಿತ್ತು. ಹೀಗೆ ನಿಬಂಧನೆಗಳನ್ನು ಸಕಾಲದಲ್ಲಿ ಪೂರೈಸಿ ಪರೀಕ್ಷೆಯ ಮಾನವನ್ನು ಮುಟ್ಟಿದವರು, ರಾಜ್ಯದ ಪರವಾನಿಗೆ ಮಂಡಳಿಗಳಿಂದ ಶಿಸ್ತುಕ್ರಮಕ್ಕೆ ಗುರಿಯಾಗುವ ಸಂಭವವು ಉಳಿದವರಿಗಿಂತ ಕಡಿಮೆಯೆಂದು, ಅದೇ ಶಾಖೆಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕಂಡುಕೊಂಡಿತು.

ಇಲ್ಲಿ ಓದುಗರು ಒಂದು ವಿವೇಕವನ್ನು ಕಾಯ್ದುಕೊಳ್ಳಬೇಕು. ಎರಡು ಸಂಗತಿಗಳು ಜೊತೆಯಾಗಿ ಕಂಡುಬಂದ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವೆಂದು ತೀರ್ಮಾನಿಸುವಂತಿಲ್ಲ. ಸಕಾಲದಲ್ಲಿ ಕಾರ್ಯವನ್ನು ಮುಗಿಸುವ ಶೀಲವೂ, ರೋಗಿಯ ವಿಷಯದಲ್ಲಿ ಜಾಗರೂಕನಾಗಿರುವ ಶೀಲವೂ, ಚೆನ್ನಾಗಿ ಓದುವ ಶೀಲವೂ ಒಂದೇ ಮೂಲದಿಂದ ಹುಟ್ಟಿದವುಗಳಾಗಿರಬಹುದು. ಆಗ ಸಮಯಪಾಲನೆಯು ಆ ಶೀಲದ ಚಿಹ್ನೆಯಾಗುವುದೇ ಹೊರತು ಅದಕ್ಕೆ ಕಾರಣವಾಗುವುದಿಲ್ಲ. ಇನ್ನೊಂದು ಕಡೆ, ತಡವಾದವರೆಲ್ಲರೂ ಆಲಸಿಗಳೆಂದು ತಿಳಿಯುವುದು ಮಹಾಪರಾಧ. ಬಾಣಂತಿತನದಲ್ಲಿ ಆರು ತಿಂಗಳು ಕಳೆದ ತರುಣಿಯೂ, ತಂದೆಯ ಕಾಯಿಲೆಗಾಗಿ ಊರಿಗೆ ಹಿಂದಿರುಗಿದ ಹಿರಿಯ ಮಗನೂ, ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಇಂಗ್ಲಿಷಿನ ದಪ್ಪ ಗ್ರಂಥಗಳ ಮುಂದೆ ಮೊದಲನೆಯ ವರ್ಷವೆಲ್ಲ ಪರಿತಪಿಸಿದ ಶಿರಹಟ್ಟಿ ಕಡೆಯ ವಿದ್ಯಾರ್ಥಿಯೂ, ಮೂವತ್ತಾರು ಗಂಟೆ ನಿದ್ರೆಯಿಲ್ಲದೆ ವಾರ್ಡಿನಲ್ಲಿ ದುಡಿದು ಥೀಸಿಸ್ಸಿಗೆ ಬಿಡುವು ಕಾಣದ ರೆಸಿಡೆಂಟನೂ ಆ ತಡವಾದವರ ಪಟ್ಟಿಯಲ್ಲಿದ್ದಾರೆ. ಅಂಥವರಿಗೆ ಗಡುವು ತಪ್ಪಿದ್ದು ಸಹಾಯ ಬೇಕೆಂಬುದರ ಮೊದಲ ಸೂಚನೆ. ಪರೀಕ್ಷೆಯಲ್ಲಿ ಅನುತ್ತೀರ್ಣನಾಗುವವರೆಗೆ ಕಾಯದೆ, ಲಾಗ್‌ಬುಕ್ಕಿನ ಪುಟಗಳು ಖಾಲಿಯುಳಿದ ತಿಂಗಳಿನಲ್ಲಿಯೇ ಅಧ್ಯಾಪಕರು ಆ ವಿದ್ಯಾರ್ಥಿಯನ್ನು ಕರೆದು, ಏಕಪ್ಪಾ ಹಿಂದೆ ಬಿದ್ದೆ ಎಂದು ಕೇಳಿದರೆ ಎಷ್ಟೋ ಜೀವನಗಳು ದಾರಿಗೆ ಬಂದಾವು. ಗಡುವಿನ ಅತ್ಯುತ್ತಮ ಪ್ರಯೋಜನವು ನನ್ನ ಮತದಲ್ಲಿ ಇದೇ ಆಗಿದೆ.

ಅಮೆರಿಕದ ಮಂಡಳಿಗಳು ಈಚಿನ ವರ್ಷಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಹತ್ತು ವರ್ಷಕ್ಕೊಮ್ಮೆ ಬರುವ ಮಹಾಪರೀಕ್ಷೆಯು ವೈದ್ಯರಲ್ಲಿ ಭೀತಿಯನ್ನೂ ತಾತ್ಕಾಲಿಕವಾದ ಓದನ್ನೂ ಹುಟ್ಟಿಸುವುದನ್ನು ಕಂಡು, ಕುಟುಂಬವೈದ್ಯರ ಮಂಡಳಿಯು 2019ರ ಸುಮಾರಿಗೆ ಪ್ರತಿ ಮೂರು ತಿಂಗಳಿಗೆ 25 ಪ್ರಶ್ನೆಗಳನ್ನು ಮನೆಯಲ್ಲಿಯೇ ಉತ್ತರಿಸಬಹುದಾದ ಪರ್ಯಾಯಕ್ರಮವನ್ನು ಆರಂಭಿಸಿತು. ಆಂತರಿಕ ವೈದ್ಯಶಾಸ್ತ್ರದ ಮಂಡಳಿಯೂ 2022ರಲ್ಲಿ ಅಂಥದೇ ಕ್ರಮವನ್ನು ತಂದಿತು. ಉತ್ತರಿಸಿದ ಕೂಡಲೇ ಸರಿತಪ್ಪುಗಳೂ ಕಾರಣವೂ ತಿಳಿಯುವುದರಿಂದ ಇಲ್ಲಿ ಪರೀಕ್ಷೆಯೇ ಪಾಠವಾಗುತ್ತದೆ.

ನಮ್ಮಲ್ಲಿ ಒಮ್ಮೆ ವೈದ್ಯನಾದವನಿಗೆ ಮರುಪರೀಕ್ಷೆಯಿಲ್ಲ. 2002ರ ವೃತ್ತಿನೀತಿಯ ನಿಯಮಗಳು ಐದು ವರ್ಷಕ್ಕೆ 30 ಗಂಟೆಗಳ ಮುಂದುವರಿದ ಶಿಕ್ಷಣವನ್ನು ಹೇಳಿವೆ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿಯೂ ಐದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು. ಐದು ವರ್ಷಕ್ಕೆ 30 ಗಂಟೆಯೆಂದರೆ ತಿಂಗಳಿಗೆ ಅರ್ಧ ಗಂಟೆ ಮಾತ್ರ. ಇಷ್ಟು ಅಲ್ಪವಾದುದನ್ನೂ ನವೀಕರಣದ ತಿಂಗಳಲ್ಲಿ ಒಂದೆರಡು ಸಮ್ಮೇಳನಗಳಿಗೆ ಹೋಗಿ ಕೂಡಿಸಿಕೊಳ್ಳುವುದಾದರೆ, ನಾಲ್ಕು ವರ್ಷ ಹನ್ನೊಂದು ತಿಂಗಳು ರೋಗಿಗಳು ಹಳೆಯ ವಿದ್ಯೆಯಿಂದಲೇ ಚಿಕಿತ್ಸೆ ಪಡೆದಂತಾಯಿತು. ವಿದ್ಯೆಯಾದರೋ ನಿಲ್ಲುವುದಿಲ್ಲ. ಹಾವು ಕಚ್ಚಿದ ಕೈಕಾಲಿಗೆ ಬಿಗಿಯಾಗಿ ಕಟ್ಟು ಹಾಕಬೇಕೆಂದು ಒಂದು ಕಾಲದಲ್ಲಿ ಕಲಿಸುತ್ತಿದ್ದರು; ಅದರಿಂದ ಆ ಅವಯವಕ್ಕೇ ಹಾನಿಯಾಗುವುದೆಂದು ಇಂದು ಅದನ್ನು ನಿಷೇಧಿಸುತ್ತಾರೆ. ಕ್ಷಯರೋಗಕ್ಕೆ ಸರಕಾರದ ಕಾರ್ಯಕ್ರಮದಲ್ಲಿ ವಾರಕ್ಕೆ ಮೂರು ದಿನ ಕೊಡುತ್ತಿದ್ದ ಔಷಧವನ್ನು 2017ರಿಂದ ದೇಶಾದ್ಯಂತ ದಿನವೂ ಕೊಡುವ ಕ್ರಮವು ಬಂದಿತು. ಕಪ್ಪತಗುಡ್ಡದ ಅಂಚಿನ ಹೊಲದಲ್ಲಿ ಹಾವು ಕಚ್ಚಿಸಿಕೊಂಡು ಬರುವ ಕೂಲಿಯವನಿಗೆ, ತನ್ನ ಮುಂದೆ ನಿಂತ ವೈದ್ಯರು ಓದಿದ್ದು ಯಾವ ವರ್ಷದ ವಿದ್ಯೆಯೆಂಬುದು ಪ್ರಾಣದ ಪ್ರಶ್ನೆಯೇ ಆಗಿದೆ.

ವಿದ್ಯಾರ್ಥಿಗೂ ವೈದ್ಯನಿಗೂ ಸಮಯಪಾಲನೆಯನ್ನು ಬೋಧಿಸುವ ನಾವು, ಅದೇ ಧರ್ಮವು ಪರೀಕ್ಷೆಯನ್ನು ನಡೆಸುವವರಿಗೂ ಸಲ್ಲುತ್ತದೆಂಬುದನ್ನು ಮರೆಯಬಾರದು. 2021ರ ಏಪ್ರಿಲ್ 18ಕ್ಕೆ ಗೊತ್ತಾಗಿದ್ದ ನೀಟ್-ಪಿಜಿ ಪರೀಕ್ಷೆಯು ಮಹಾಮಾರಿಯ ಕಾರಣದಿಂದ ಸೆಪ್ಟೆಂಬರ್ 11ಕ್ಕೆ ಹೋಯಿತು. ಅನಂತರ ಮೀಸಲಾತಿಯ ವ್ಯಾಜ್ಯವು ಸುಪ್ರೀಂ ಕೋರ್ಟಿನಲ್ಲಿದ್ದುದರಿಂದ ಸೀಟು ಹಂಚಿಕೆಯು 2022ರ ಜನವರಿಯವರೆಗೂ ಆರಂಭವಾಗಲಿಲ್ಲ. ಮೊದಲ ವರ್ಷದ ರೆಸಿಡೆಂಟರು ಬಾರದ ಆಸ್ಪತ್ರೆಗಳಲ್ಲಿ ಮೇಲಿನ ಎರಡು ವರ್ಷಗಳವರೇ ಮೂರು ವರ್ಷಗಳವರ ಕೆಲಸವನ್ನು ಹೊತ್ತರು. 2024ರ ಜೂನ್ 23ರ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದೂಡಲಾಯಿತು. ದೂರದ ಕೇಂದ್ರಗಳಿಗೆ ಪ್ರಯಾಣಮಾಡಿ ತಲಪಿದ್ದ ತರುಣ ವೈದ್ಯರು ಬರಿಗೈಯಲ್ಲಿ ಹಿಂದಿರುಗಿ, ಆಗಸ್ಟ್ 11ರವರೆಗೆ ಕಾಯಬೇಕಾಯಿತು. 2025ರಲ್ಲಿಯೂ ಜೂನ್ 15ರ ದಿನಾಂಕವು ಆಗಸ್ಟ್ 3ಕ್ಕೆ ಸರಿಯಿತು. ಎಲ್ಲ ವೈದ್ಯವಿದ್ಯಾರ್ಥಿಗಳಿಗೂ ಒಂದೇ ನಿರ್ಗಮನ ಪರೀಕ್ಷೆಯನ್ನು ಮೂರು ವರ್ಷಗಳೊಳಗೆ ಆರಂಭಿಸಬೇಕೆಂದು 2019ರ ಕಾಯಿದೆಯೇ ವಿಧಿಸಿದ್ದರೂ, ಆ ಗಡುವಿನೊಳಗೆ ಅದು ನಡೆಯಲಿಲ್ಲ. ಇವುಗಳಲ್ಲಿ ಕೆಲವು ಅನಿವಾರ್ಯವಾಗಿದ್ದುವೆಂಬುದು ನಿಜ. ಆದರೂ ಒಂದು ದಿನ ತಡವಾದ ವಿದ್ಯಾರ್ಥಿಗೆ ಒಂದು ವರ್ಷದ ದಂಡವನ್ನು ವಿಧಿಸುವ ವ್ಯವಸ್ಥೆಯು, ತಾನು ತಿಂಗಳುಗಟ್ಟಲೆ ತಡಮಾಡಿದಾಗ ಅವನಿಗೆ ಏನು ಪರಿಹಾರವನ್ನು ಕೊಟ್ಟಿತೆಂದು ಕೇಳುವ ಅಧಿಕಾರವು ಅವನಿಗುಂಟು. ಪರೀಕ್ಷೆಯ ದಿನಾಂಕವು ಅನಿಶ್ಚಿತವಾದರೆ ಅಂತರವಿಟ್ಟು ಕ್ರಮವಾಗಿ ಓದುವ ಯೋಜನೆಯೇ ಕುಸಿಯುತ್ತದೆ.

ಈ ವಿಳಂಬಗಳ ಕೊನೆಯ ಹೊರೆಯು ಬೀಳುವುದು ತಾಲೂಕು ಆಸ್ಪತ್ರೆಗಳ ಮೇಲೆ. ಪದವಿ ಮುಗಿಸಿದವರು ಒಂದು ವರ್ಷ ಸರಕಾರಿ ಸೇವೆ ಸಲ್ಲಿಸಬೇಕೆಂದು ಮೂಲದಲ್ಲಿ ವಿಧಿಸಿದ್ದ 2012ರ ಕರ್ನಾಟಕದ ಕಾಯಿದೆಯೂ, ಸ್ನಾತಕೋತ್ತರ ವಿದ್ಯಾರ್ಥಿಗಳ ಮೂರು ತಿಂಗಳ ಜಿಲ್ಲಾ ಸೇವೆಯೂ ಹಳ್ಳಿಗಳಿಗೆ ವೈದ್ಯರನ್ನು ಒದಗಿಸುವ ಉದ್ದೇಶವುಳ್ಳವು. ಮೇಲಿನ ಪರೀಕ್ಷೆಯೊಂದು ಜಾರಿದರೆ ಫಲಿತಾಂಶ ಜಾರುತ್ತದೆ, ನೇಮಕ ಜಾರುತ್ತದೆ. ಶಿರಹಟ್ಟಿಯಲ್ಲಿ ಹೆರಿಗೆಗೆ ಬಂದ ತಾಯಿಗೆ ಅರಿವಳಿಕೆ ಕೊಡುವವರಿಲ್ಲವೆಂದು ಗದಗಿಗೋ ಹುಬ್ಬಳ್ಳಿಗೋ ಕಳುಹಿಸಬೇಕಾಗಿ ಬಂದರೆ, ಅದರ ಹಿಂದಿರುವ ಕಾರಣಗಳಲ್ಲಿ ಯಾವುದೋ ನಗರದ ಕಚೇರಿಯಲ್ಲಿ ಕಳೆದ ವರ್ಷ ತಪ್ಪಿದ ದಿನಾಂಕವೂ ಒಂದಾಗಿರಬಹುದು.

ನಮ್ಮ ಜಿಲ್ಲೆಯ ಮಟ್ಟಿಗೆ ಮಾಡಬಹುದಾದ ಕೆಲಸಗಳು ದುಸ್ಸಾಧ್ಯವೇನಲ್ಲ. ಲಾಗ್‌ಬುಕ್ಕಿಗೆ ಸಹಿಯು ಕೌಶಲವನ್ನು ತೋರಿಸಿದ ವಾರದಲ್ಲಿಯೇ ಬೀಳುವಂತೆ ಅಧ್ಯಾಪಕರು ನೋಡಿಕೊಳ್ಳಬಹುದು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಸರಕಾರಿ ವೈದ್ಯರು ತಿಂಗಳಿಗೆ ಒಂದು ಅರ್ಧ ದಿನ ಗದಗಿನ ವೈದ್ಯಕೀಯ ಕಾಲೇಜಿಗೆ ಬಂದು, ತಾವು ಆ ತಿಂಗಳು ಕಂಡ ಕಠಿಣ ರೋಗಿಗಳ ವಿಷಯವನ್ನು ಚರ್ಚಿಸಿ, ಹೊಸ ವಿಧಾನಗಳನ್ನು ಕಲಿತು ಹೋಗುವಂತೆ, ಆ ಅರ್ಧ ದಿನಕ್ಕೆ ಬದಲಿ ವೈದ್ಯರನ್ನು ಕೊಡುವ ಏರ್ಪಾಡನ್ನು ಆರೋಗ್ಯ ಇಲಾಖೆಯು ಮಾಡಬಹುದು. ಹಾಗಾದರೆ 30 ಗಂಟೆಗಳ ನಿಬಂಧನೆಯು ಒಂದು ವರ್ಷದೊಳಗಾಗಿಯೇ ಪೂರೈಸುತ್ತದೆ, ಉಳಿದ ನಾಲ್ಕು ವರ್ಷಗಳ ಕಲಿಕೆಯು ರೋಗಿಗಳಿಗೆ ಲಾಭವಾಗುತ್ತದೆ. ತಂದೆತಾಯಿಗಳು ಅಂಕಗಳನ್ನು ಮಾತ್ರ ಕೇಳದೆ, ಈ ತಿಂಗಳ ಕೆಲಸ ಈ ತಿಂಗಳಿಗೆ ಮುಗಿಯಿತೇ ಎಂದು ಪ್ರೀತಿಯಿಂದ ವಿಚಾರಿಸಬಹುದು. ಪರೀಕ್ಷಾಮಂಡಳಿಗಳು ವರ್ಷದ ಆರಂಭದಲ್ಲಿ ಸಾರಿದ ದಿನಾಂಕವನ್ನು, ವಿಪತ್ಕಾಲದ ಹೊರತು, ಮುರಿಯದಿರಬಹುದು. ಮುಂಡರಗಿಯ ಕೂಲಿಹೆಣ್ಣುಮಗಳಿಗೂ ರಾಜಧಾನಿಯ ಶ್ರೀಮಂತನಿಗೂ ಒಂದೇ ಮಾನದ ವೈದ್ಯವಿದ್ಯೆಯು ದೊರೆಯಬೇಕೆಂಬ ಸಂಕಲ್ಪವು ನಮ್ಮಲ್ಲಿ ನಿಜವಾಗಿದ್ದರೆ, ಮೊದಲನೆಯ ವರ್ಷದ ವಿದ್ಯಾರ್ಥಿಯಿಂದ ಹಿಡಿದು ದಿಲ್ಲಿಯ ಆಯೋಗದವರೆಗೆ ಪ್ರತಿಯೊಬ್ಬರೂ ದಿನಾಂಕವೆಂಬುದನ್ನು ರೋಗಿಗೆ ಕೊಟ್ಟ ವಚನವೆಂದು ಭಾವಿಸಿ ನಡೆದುಕೊಳ್ಳಬೇಕು; ಪರೀಕ್ಷೆಯಲ್ಲಿ ಬರುವ ಯಶಸ್ಸು ಆ ನಡೆಯನ್ನು ಹಿಂಬಾಲಿಸುವ ಫಲವಾಗಿರುತ್ತದೆ.